ಒಂಬತ್ತನೇ ಕಲಂ

20 ಜನವರಿ 2025, ಸೋಮವಾರ

ಕಾಲು ಇನ್ನೂ ಉರಿಯುತ್ತಿದೆ. ನಿನ್ನೆ ಬೆಳಿಗ್ಗೆ ಆರರಿಂದ ಸಂಜೆಯವರೆಗೆ ಕಾಂಕ್ರೀಟಿನ ಮೇಲೆ ನಿಂತ ಫಲ. ನಿವೃತ್ತಿಯಾದ ಮೇಲೆ ಜನ ದೇವಸ್ಥಾನಕ್ಕೆ ಹೋಗುತ್ತಾರೆ, ನೀವು ಕಾರಿನ ಹೊಗೆ ಕುಡಿಯಲು ಹೋಗುತ್ತೀರಿ ಎಂದು ಕುಸುಮಾವತಿ ಹಂಗಿಸಿದಳು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾದರೂ ನನ್ನ ಹೆಂಡತಿಯ ಬಾಯಿಗೆ ಸುಸ್ತೆಂಬುದಿಲ್ಲ.

ಆದದ್ದನ್ನು ಬರೆದಿಡುತ್ತೇನೆ. ಹೇಗೂ ವರದಿ ನಾನೇ ಬರೆಯಬೇಕು. ನಮ್ಮ ತಿರುವನಂತಪುರದ ವಿಳಿಂಜಂ ಬಂದರಿನ ಆಚೆಗೆ ಯಾರೋ ಖಾಸಗಿಯವರು ಕಂಟೇನರ್ ಪೇರಿಸಲೆಂದು ಕಾಂಕ್ರೀಟ್ ಹಾಕಿಸಿ ಖಾಲಿ ಬಿಟ್ಟ ದೊಡ್ಡ ಅಂಗಳವಿದೆ. ನಮ್ಮ ಕ್ಲಬ್ಬಿನವರು ತಿಂಗಳಿಗೊಂದು ಭಾನುವಾರ ಅಲ್ಲಿ ಕೋನ್ ಇಟ್ಟು, ಹಳೆ ಟಯರು ಜೋಡಿಸಿ ಟ್ರ್ಯಾಕ್ ಮಾಡುತ್ತೇವೆ. ಇದು ಪಂದ್ಯವಲ್ಲ. ವಾರವಿಡೀ ಕಂಪ್ಯೂಟರಿನ ಮುಂದೆ ಕೂತ ಜನ ಸ್ವಂತ ಕಾರು ತಂದು, ಹೆಲ್ಮೆಟ್ ಹಾಕಿಕೊಂಡು, ಒಂದು ದಿನ ಮನಸಾರೆ ಓಡಿಸಿ ಹೋಗುತ್ತಾರೆ. ಬೆಳಿಗ್ಗೆ ಅವರಿಗೆ ನಿಯಮ ಹೇಳುವುದು, ಯಾವ ಗುಂಪು ಯಾವಾಗ ಇಳಿಯಬೇಕೆಂಬ ಚೀಟಿಗೆ ಸಹಿ ಹಾಕುವುದು ನನ್ನ ಕೆಲಸ. ಪ್ರಾಯದಲ್ಲಿ ರ‍್ಯಾಲಿಗಳಲ್ಲಿ ಚಾಲಕನ ಪಕ್ಕ ಕೂತು ದಾರಿ ಓದಿದವನು, ಆಮೇಲೆ ಮೂವತ್ತು ವರ್ಷ ಇಲ್ಲಿಯ ಸರ್ಕಾರದ ಕಾನೂನು ಇಲಾಖೆಯಲ್ಲಿ ಕರಡು ಬರೆದವನು. ನಿಯಮವೆಂದರೆ ಉದಯಶಂಕರ ಎಂದು ಅವರೆಲ್ಲ ನಂಬಿದ್ದಾರೆ.

ನಿನ್ನೆ ಕೊನೆಯ ಸೆಷನ್ನಿನಲ್ಲಿ ಹೊಸಬರ ಜೊತೆ ರಾಜೀವ್ ಇಳಿದ. ರಾಜೀವ್ ಹೊಟ್ಟೆಪಾಡಿಗೇ ರೇಸ್ ಕಾರು ಓಡಿಸುವವನು, ಕೊಯಮತ್ತೂರು, ಚೆನ್ನೈಯ ಟ್ರ್ಯಾಕುಗಳಲ್ಲಿ ಹೆಸರು ಮಾಡಿದವನು. ಮೂರನೇ ಸುತ್ತಿನಲ್ಲಿ ಕೊಚ್ಚಿಯ ಕಾಕ್ಕನಾಡಿನ ಐಟಿ ಹುಡುಗನೊಬ್ಬನನ್ನು ಎಡಗಡೆಯಿಂದ ದಾಟಲು ಹೋದ. ಸರಿಯಾಗಿ ಅದೇ ಹೊತ್ತಿಗೆ ಹುಡುಗ ಎಡಕ್ಕೆ ಬಂದುಬಿಟ್ಟ. ರಾಜೀವನ ಕಾರು ಟಯರಿನ ಗೋಡೆಗೆ ಹೊಡೆದು ಮಗುಚಿತು. ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿದೆ. ಈ ವರ್ಷದ ಪಂದ್ಯಗಳೆಲ್ಲ ಹೋದ ಹಾಗೆಯೇ. ಹುಡುಗನಿಗೆ ಹಣೆಯಲ್ಲಿ ನಾಲ್ಕು ಹೊಲಿಗೆ.

ತಪ್ಪು ಹುಡುಗನದು. ಹಿಂದೆ ಯಾರು ಬರುತ್ತಿದ್ದಾರೆಂದು ನೋಡದೆ ಇವರೆಲ್ಲ ಸ್ಟಿಯರಿಂಗ್ ತಿರುಗಿಸುವವರು. ಸಾಕಾಯಿತು, ಮಲಗುತ್ತೇನೆ.

22 ಜನವರಿ, ಬುಧವಾರ

ಮೊನ್ನೆ ಬರೆದದ್ದು ಪೂರ್ತಿಯಲ್ಲ. ಕನ್ನಡದಲ್ಲಿ ಬರೆಯುವ ಈ ಪುಸ್ತಕವನ್ನು ನಾವಿರುವ ಶ್ರೀಕಾರ್ಯಂನಲ್ಲಿ ಓದಬಲ್ಲವಳು ಕುಸುಮಾವತಿ ಒಬ್ಬಳೇ. ಅವಳಿಗೂ ನನ್ನ ಅಕ್ಷರ ತಿಳಿಯುವುದಿಲ್ಲ. ಇಲ್ಲಿಯೂ ಯಾಕೆ ಮುಚ್ಚಿಡಬೇಕು?

ನಮ್ಮಲ್ಲಿ ಎರಡು ನಿಯಮ ಉಂಟು. ಹೊಸಬರು ಮಾತ್ರ ಇರುವಾಗ, ಹಿಂದಿನ ಕಾರು ಹತ್ತಿರ ಬಂದರೆ ಎಡಕ್ಕೆ ಸರಿದು ಬಿಟ್ಟುಕೊಡಬೇಕು. ಹೆದ್ದಾರಿಯ ಅಭ್ಯಾಸ, ಅವರಿಗೆ ಸುಲಭ. ವೃತ್ತಿಯವರು ಜೊತೆಗಿದ್ದರೆ ಇದಕ್ಕೆ ತದ್ವಿರುದ್ಧ. ಯಾರೇ ಬರಲಿ, ನೀವು ಹೋಗುತ್ತಿರುವ ದಾರಿಯಲ್ಲೇ ಹೋಗಿ, ದಾಟುವ ಹೊಣೆ ಹಿಂದಿನವನದು. ರಾಜೀವನಂಥವನು ಎಲ್ಲಿ ದಾಟಬೇಕೆಂದು ಬಹಳ ಮೊದಲೇ ತೀರ್ಮಾನಿಸಿರುತ್ತಾನೆ. ಮುಂದಿನವನು ಮರ್ಯಾದೆ ತೋರಿಸಲು ಹೋದರೆ ಇಬ್ಬರೂ ಕೆಟ್ಟರು. ನಿಯಮದ ಹಾಳೆಯಲ್ಲಿ ಇದು ಒಂಬತ್ತನೇ ಕಲಂ. ಬರೆದವನು ನಾನೇ. ಬೆಳಿಗ್ಗೆ ಎಲ್ಲರೂ ಹಾಳೆಗೆ ಸಹಿ ಹಾಕುತ್ತಾರೆ, ಒಬ್ಬನೂ ಓದುವುದಿಲ್ಲ. ಅದಕ್ಕೇ ಪ್ರತಿ ಸೆಷನ್ನಿನ ಮೊದಲು ಬಾಯಲ್ಲಿ ಹೇಳುವ ಪದ್ಧತಿ ಇಟ್ಟದ್ದು.

ಭಾನುವಾರ ಬೆಳಿಗ್ಗೆ ಹೊಸಬರಿಗೆ ಎಡಕ್ಕೆ ಸರಿಯಿರಿ ಎಂದೆ. ಮಧ್ಯಾಹ್ನ ಮೂರೂವರೆಗೆ ಕ್ಲಬ್ಬಿನ ಕಾರ್ಯದರ್ಶಿ ಕಿಶೋರ್ ಓಡಿ ಬಂದು, "ಉದಯೇಟ್ಟಾ, ಹೊಸಬರಿಗೆಲ್ಲ ರಾಜೀವನ ಜೊತೆ ಓಡಿಸಬೇಕಂತೆ, ಒಂದು ಐದು ಸುತ್ತು ಬಿಡೋಣ" ಎಂದು ಮಲಯಾಳದಲ್ಲಿ ಅಣ್ಣನೆಂದು ಕರೆಯುತ್ತ ಗೋಗರೆದ. ಸಹಿ ಹಾಕಿದೆ. ರಾಜೀವನಿಗೆ ಇದು ಮಿಶ್ರ ಸೆಷನ್ ಎಂದೆ, ಅವನು ತಲೆಯಾಡಿಸಿದ. ಹೊಸಬರ ಎಂಟು ಕಾರು ಸಾಲಾಗಿ ನಿಂತಿದ್ದವು. ಎಂಟು ಕಿಟಕಿಗೂ ಬಗ್ಗಿ ನಿಯಮ ಬದಲಾಗಿದೆ ಎನ್ನಬೇಕಿತ್ತು. ಕಾಲು ನೋಯುತ್ತಿತ್ತು. ಚಹಾ ಬಂದಿತ್ತು. ನಾನು ಹೇಳಲಿಲ್ಲ.

ಹುಡುಗ ಕನ್ನಡಿಯಲ್ಲಿ ರಾಜೀವನನ್ನು ಕಂಡ. ನಾನು ಹೇಳಿಕೊಟ್ಟಂತೆ ಎಡಕ್ಕೆ ಸರಿದ. ಆದದ್ದು ಇಷ್ಟೇ.

ಇದನ್ನು ಯಾರೂ ಕೇಳಿಲ್ಲ. ಉಳಿದ ಏಳು ಮಂದಿ ಅವನು ಸರಿಯಬಾರದ ಜಾಗದಲ್ಲಿ ಸರಿದ ಎಂದುಕೊಂಡಿದ್ದಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನಲ್ಲ. ಕೇಳಿದರೆ ಹೇಳಿದರಾಯಿತು.

27 ಜನವರಿ, ಸೋಮವಾರ

ಕಿಶೋರನ ಫೋನು, ಮುಕ್ಕಾಲು ಗಂಟೆ. ಮಾರ್ಚ್ ಎರಡಕ್ಕೆ ಕೊಚ್ಚಿಯಲ್ಲಿ ಸಮಿತಿ ಕೂರುತ್ತದಂತೆ. ಅಷ್ಟರಲ್ಲಿ ನನ್ನ ವರದಿ ಬೇಕು. ಹುಡುಗನನ್ನು ಎರಡು ವರ್ಷ ಹೊರಗಿಡುವುದು, ಅವನು ರಾಜೀವನಿಗೆ ಎಲ್ಲರೆದುರು ಕ್ಷಮೆ ಪತ್ರ ಓದುವುದು, ಇದು ಈಗಾಗಲೇ ತೀರ್ಮಾನವಾದ ಹಾಗಿದೆ. ಕ್ಲಬ್ಬಿನ ವಾಟ್ಸಾಪಿನಲ್ಲಿ ಅವನಿಗೆ ಮಂಗಳಾರತಿ ನಡೆಯುತ್ತಿದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಒಬ್ಬ, ಇಂಥವರಿಗೆ ಎತ್ತಿನಗಾಡಿ ಕೊಡಿ ಎಂದು ಬರೆದಿದ್ದಾನೆ. ಹುಡುಗ ಯಾವುದಕ್ಕೂ ಉತ್ತರ ಕೊಟ್ಟಿಲ್ಲ.

ಅವನ ಹೇಳಿಕೆಯೂ ಬೇಕು, ಇಲ್ಲದಿದ್ದರೆ ವರದಿ ನಿಲ್ಲುವುದಿಲ್ಲ. ಫೋನಿನಲ್ಲಿ ಕೇಳಬಹುದು. ಆದರೆ ಅವನು ಮೈಸೂರಿನವನಂತೆ, ಕನ್ನಡದವನು. ಹೋಗಿ ಬಂದರಾಯಿತು. ಹೋದರೆ ವಿಷಯ ಹೇಳಿಯೂ ಬಿಡಬಹುದು.

2 ಫೆಬ್ರವರಿ, ಭಾನುವಾರ

ಬೆಳಗಿನ ರೈಲಿಗೆ ಎರ್ನಾಕುಳಂ, ಅಲ್ಲಿಂದ ಬಸ್ಸು, ಆಟೊ. ಸೊಂಟ ಹೋಯಿತು.

ಹುಡುಗನ ಹೆಸರು ಕೌಶಿಕ್. ಕಾಕ್ಕನಾಡಿನಲ್ಲಿ ಹನ್ನೊಂದನೇ ಮಾಳಿಗೆಯ ಫ್ಲ್ಯಾಟು, ಜೊತೆಗೆ ಆಫೀಸಿನ ಗೆಳೆಯ ವಿನಾಯಕ್. ಬಾಗಿಲು ತೆಗೆದವನೇ, "ಅಯ್ಯೋ, ನೀವ್ಯಾಕೆ ಸಾರ್ ಇಷ್ಟು ದೂರ ಬರೋಕ್ ಹೋದ್ರಿ" ಎಂದು ಕುರ್ಚಿಯ ಮೇಲಿನ ಬಟ್ಟೆಯೆಲ್ಲ ಬಾಚಿಕೊಂಡು ಒಳಗೆ ಓಡಿದ. ಇಪ್ಪತ್ತೊಂಬತ್ತು ವರ್ಷ. ನನ್ನ ಹಾಳೆಯನ್ನು ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದಾನೆ, ಒಂಬತ್ತನೇ ಕಲಮಿನ ಕೆಳಗೆ ಗೆರೆ ಎಳೆದಿದ್ದಾನೆ.

"ನಂದೇ ತಪ್ಪು ಸಾರ್. ಇಲ್ಲಿ ಕ್ಲಿಯರ್ ಆಗಿ ಬರ್ದಿದೆ, ಮಿಶ್ರ ಸೆಷನ್ನಲ್ಲಿ ದಾರಿ ಬಿಡಬಾರ್ದು ಅಂತ. ನಾನು ಓದ್ದೆ ಸೈನ್ ಹಾಕ್ಬಿಟ್ಟೆ. ಬೆಳಿಗ್ಗೆ ನೀವು ಎಡಕ್ ಸರೀರಿ ಅಂದಿದ್ದು ತಲೇಲಿತ್ತು. ಅದು ಬೆಳಿಗ್ಗೆಗೆ ಅಂತ ನಾನೇ ಅರ್ಥ ಮಾಡ್ಕೋಬೇಕಿತ್ತು."

ನಾನು ಬರೆದುಕೊಂಡೆ. ನಂದೇ ತಪ್ಪು ಎಂಬಲ್ಲಿಯವರೆಗೆ ಬರೆದುಕೊಂಡೆ.

ಅವನು ಆ ದಿನದಿಂದ ಕಾರು ಮುಟ್ಟಿಲ್ಲ. ಅವನ ಕಾರು ಗ್ಯಾರೇಜಿನಲ್ಲಿ ಬಿದ್ದಿದೆ. ಆಫೀಸಿಗೆ ಕಂಪನಿಯ ಕ್ಯಾಬು, ಅದರಲ್ಲೂ ಹಿಂದಿನ ಸೀಟು, ಕಣ್ಣು ಮುಚ್ಚಿಕೊಂಡು ಹೋಗುತ್ತಾನೆ ಎಂದು ವಿನಾಯಕ್ ಅಡುಗೆಮನೆಯಲ್ಲಿ ಪಿಸುಗುಟ್ಟಿದ. ಹೊರಡುವಾಗ ಕೌಶಿಕ್, "ರಾಜೀವ್ ಸಾರ್‌ಗೆ ಊಟ ಮಾಡಕ್ ಆಗತ್ತಾ, ಆ ಕೈಲಿ?" ಎಂದು ಕೇಳಿದ. ಎಡಗೈಯಲ್ಲಿ ಚಮಚ ಹಿಡಿಯುತ್ತಾನೆ ಎಂದೆ. ಅವನ ಮುಖ ನೋಡಲಾಗಲಿಲ್ಲ.

ಹೇಳಲೆಂದೇ ಹೋದವನು. ವಿನಾಯಕ್ ಚಿತ್ರಾನ್ನ ಮಾಡಿದ್ದ, ತಿಂದು ಬಂದೆ.

3 ಫೆಬ್ರವರಿ

ಸೊಂಟನೋವು. ಏನೂ ಮಾಡಲಿಲ್ಲ.

9 ಫೆಬ್ರವರಿ, ಭಾನುವಾರ

ಹೇಳಿಕೆಗೆ ಅವನ ಸಹಿ ತೆಗೆದುಕೊಳ್ಳಲು ಮರೆತಿದ್ದೆ, ಆದ್ದರಿಂದ ಮತ್ತೆ ಹೋಗಬೇಕಾಯಿತು. ಅಂಚೆಯಲ್ಲಿ ಕಳಿಸಬಹುದಲ್ಲ ಎಂದು ಕುಸುಮಾವತಿ. ಇವಳಿಗೆ ಕಚೇರಿಯ ಕೆಲಸ ತಿಳಿಯದು.

ವಿನಾಯಕನ ಹಳೆ ಕಾರು ಕೆಳಗೆ ನಿಂತಿತ್ತು. ಸುಮ್ಮನೆ ಹೇಳಿದೆ, ಭಾನುವಾರ ಕಲೆಕ್ಟರೇಟಿನ ಹಿಂದೆ ಒಂದು ನರಪಿಳ್ಳೆ ಇರುವುದಿಲ್ಲ, ಬಾ, ನಾನು ಪಕ್ಕ ಕೂರುತ್ತೇನೆ ಎಂದು. ಅವನು ಬೇಡ ಎಂದ. ಒಂದು ಗಂಟೆಯ ನಂತರ ಅವನೇ ಕೀಲಿ ತಂದ.

ನಲವತ್ತು ಮೀಟರ್ ಹೋಗಿರಬಹುದು. ಹಿಂದಿನಿಂದ ಒಂದು ಸ್ಕೂಟರು ಬಂತು, ಅಷ್ಟಕ್ಕೇ ರಸ್ತೆಯ ನಡುವೆ ಬ್ರೇಕ್ ಹಾಕಿ ನಿಲ್ಲಿಸಿಬಿಟ್ಟ. ಸ್ಕೂಟರಿನ ಹೆಂಗಸು ಚೆನ್ನಾಗಿ ಬೈದು ಹೋದಳು. ಕೌಶಿಕ್ ಕನ್ನಡಿಯನ್ನೇ ನೋಡುತ್ತ ಹೇಳಿದ. "ಯಾವ್ ಕಡೆ ಹೋಗ್ಲಿ ಅಂತಾನೇ ಗೊತ್ತಾಗಲ್ಲ ಸಾರ್. ಸರಿದ್ರೂ ತಪ್ಪು, ಸರೀದಿದ್ರೂ ತಪ್ಪು ಅನ್ಸತ್ತೆ."

ಕ್ಲಚ್ ನಿಧಾನಕ್ಕೆ ಬಿಡು ಎಂದೆ. ಬೇರೆ ಏನು ಹೇಳಲಿ?

16 ಫೆಬ್ರವರಿ, ಭಾನುವಾರ

ಇವತ್ತು ಐಟಿ ಪಾರ್ಕಿನ ಗೇಟಿನವರೆಗೆ ಹೋಗಿ ಬಂದ. ನಾಲ್ಕು ಸಲ ಇಂಜಿನ್ ಆರಿಹೋಯಿತು. ರ‍್ಯಾಲಿಯ ಕಾಲದ ಕಥೆ ಹೇಳಿದೆ, ಚಾಲಕನಿಗೆ ಬಲ ಎನ್ನುವ ಕಡೆ ಎಡ ಎಂದು ಓದಿ ಇಬ್ಬರೂ ಗದ್ದೆಯಲ್ಲಿ ಕೂತದ್ದು, ಗದ್ದೆಯ ಯಜಮಾನ ನಮಗೆ ಗಂಜಿ ಕೊಟ್ಟದ್ದು. ಕೌಶಿಕ್ ನಕ್ಕ. ನಗುವಾಗ ಹುಡುಗ ಬೇರೆಯೇ ಕಾಣುತ್ತಾನೆ.

ಕುಸುಮಾವತಿ ಪತ್ರೊಡೆ ಕಟ್ಟಿಕೊಟ್ಟಿದ್ದಳು. "ಒಂದು ವರದಿಗೆ ಇಷ್ಟು ಸಲ ಹೋಗುದು ಎಂತಕ್ಕೆ ಮಾರಾಯ್ರೆ?" ಎಂದು ಕೇಳಿದಳು. ಸಾಕ್ಷ್ಯ ಪೂರ್ತಿಯಾಗಿಲ್ಲ ಎಂದೆ. ಪತ್ರೊಡೆ ಇಬ್ಬರು ಹುಡುಗರೂ ಬೆರಳು ನೆಕ್ಕಿಕೊಂಡು ತಿಂದರು. ಮುಂದಿನ ವಾರ ಸ್ವಲ್ಪ ಜಾಸ್ತಿ ಹಾಕಲು ಹೇಳಬೇಕು.

20 ಫೆಬ್ರವರಿ, ಗುರುವಾರ

ರಾಜೀವ್ ಕೈಯ ವ್ಯಾಯಾಮಕ್ಕೆಂದು ತಿರುವನಂತಪುರಕ್ಕೆ ಬಂದಿದ್ದ. ಹೋಗಿ ನೋಡಿದೆ. ರಬ್ಬರಿನ ಚೆಂಡು ಹಿಸುಕುತ್ತ ಬೆವರುತ್ತಿದ್ದ. ಹೊಸಬರ ಜೊತೆ ಓಡಿಸುವುದೆಂದರೆ ಅವನಿಗೆ ಇಷ್ಟ. ಅವನೂ ಹಾಗೆಯೇ ಕಲಿತವನು, ದೊಡ್ಡವರೊಬ್ಬರ ಬೆನ್ನು ಹಿಡಿದು.

"ಆ ಹುಡುಗನಿಗೆ ಗೊತ್ತಿಲ್ಲದೆ ಆದದ್ದಾದರೆ ನಾನು ಮರೆಯುತ್ತಿದ್ದೆ ಉದಯೇಟ್ಟಾ" ಎಂದ. "ಅವನು ನನ್ನನ್ನು ಕನ್ನಡಿಯಲ್ಲಿ ನೋಡಿದ. ನಾನು ಎಡಕ್ಕೆ ಬರುವುದನ್ನು ನೋಡಿ ಬೇಕೆಂದೇ ಎಡ ಮುಚ್ಚಿದ. ರಾಜೀವನನ್ನು ತಡೆದೆ ಅಂತ ನಾಳೆ ಆಫೀಸಿನಲ್ಲಿ ಹೇಳಿಕೊಳ್ಳಲಿಕ್ಕೆ."

ಹುಡುಗ ಮರ್ಯಾದೆಗೆಂದು ಸರಿದದ್ದು ಇವನಿಗೆ ಸೊಕ್ಕಾಗಿ ಕಂಡಿದೆ. ಹಾಗಲ್ಲ ರಾಜೀವ್ ಎಂದೆ. ಮತ್ತೆ ಹೇಗೆ ಎಂದು ಅವನು ಕೇಳಿದ. ಅಷ್ಟರಲ್ಲಿ ಕೈಗೆ ವ್ಯಾಯಾಮ ಮಾಡಿಸುವ ಹುಡುಗಿ ಬಂದಳು, ನಾನು ಎದ್ದು ಬಂದೆ. ಥೂ, ನನ್ನ ಜನ್ಮವೇ.

24 ಫೆಬ್ರವರಿ, ಸೋಮವಾರ

ನಿನ್ನೆ ಕೌಶಿಕ್ ಸೇತುವೆಯವರೆಗೆ ಹೋದ, ಒಂದು ಬಸ್ಸಿಗೂ ಹೆದರಲಿಲ್ಲ. ಇನ್ನೆರಡು ಸಲವಾದರೆ ಪಕ್ಕದಲ್ಲಿ ಜನ ಬೇಕಾಗಲಿಕ್ಕಿಲ್ಲ.

ವರದಿ ಮುಗಿಯಿತು. ನಾಲ್ಕು ಪುಟ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯುವುದು ನನಗೆ ರೂಢಿಯೇ. ಅದರಲ್ಲಿ ಒಂದೂ ಸುಳ್ಳಿಲ್ಲ. ಹಾಳೆ ಇತ್ತು, ಸಹಿ ಇತ್ತು, ಬೆಳಿಗ್ಗೆ ನಿಯಮ ಹೇಳಿದ್ದು ಇತ್ತು, ಹುಡುಗ ತನ್ನ ತಪ್ಪೆಂದದ್ದು ಇತ್ತು. ಮಲಯಾಳದಲ್ಲಿ ಬರೆದದ್ದನ್ನು ಕುಸುಮಾವತಿಗೆ ಓದಿ ಹೇಳಿದೆ, ನನ್ನ ಭಾಷೆಯನ್ನು ಹೊಗಳಲಿ ಎಂದು.

ಅವಳು ಬೀನ್ಸಿನ ನಾರು ತೆಗೆಯುತ್ತ ಪೂರ್ತಿ ಕೇಳಿ, "ಹುಡುಗ ಎಡಕ್ಕೆ ಯಾಕೆ ಬಂದ? ಅದು ಇದರಲ್ಲಿ ಎಲ್ಲಿ ಉಂಟು?" ಎಂದಳು.

ಊಟಕ್ಕೆ ಹಾಕು ಎಂದೆ.

1 ಮಾರ್ಚ್, ಶನಿವಾರ

ನಾಳೆ ಕೊಚ್ಚಿ. ಬಿಸಿಲು ವಿಪರೀತ. ತಲೆನೋವು. ಇಲ್ಲದ ಜ್ವರ ಬರಲಿ ಎಂದು ಎರಡು ಸಲ ಹಣೆ ಮುಟ್ಟಿ ನೋಡಿಕೊಂಡೆ.

2 ಮಾರ್ಚ್, ಭಾನುವಾರ

ಹೋಟೆಲಿನ ಮೀಟಿಂಗ್ ಹಾಲ್. ಹದಿನಾಲ್ಕು ಮಂದಿ. ರಾಜೀವ್ ಕೈಗೆ ಪಟ್ಟಿ ಕಟ್ಟಿಕೊಂಡು ಕಿಟಕಿಯ ಹತ್ತಿರ ಕೂತಿದ್ದ. ಕೌಶಿಕ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೊನೆಯ ಕುರ್ಚಿಯಲ್ಲಿದ್ದ. ನನ್ನನ್ನು ನೋಡಿ ಧೈರ್ಯ ಬಂದವನಂತೆ ಸ್ವಲ್ಪ ನಕ್ಕ.

ನನ್ನ ನಾಲ್ಕು ಪುಟವನ್ನು ಕಿಶೋರ್ ಓದಿದ. ಎಲ್ಲರೂ ತಲೆದೂಗಿದರು. ಆಮೇಲೆ ಕೌಶಿಕನನ್ನು ಕರೆದರು. ಅವನಿಗೆ ಮಲಯಾಳ ಅಷ್ಟು ಬರುವುದಿಲ್ಲ, ಆದರೂ ಪತ್ರವನ್ನು ಮಲಯಾಳದಲ್ಲೇ ಬರೆಸಿಕೊಂಡು, ಕನ್ನಡ ಅಕ್ಷರದಲ್ಲಿ ಇಳಿಸಿಕೊಂಡು ಬಂದಿದ್ದ. ಹಾಳೆ ಬಿಡಿಸಿ ಓದತೊಡಗಿದ. ಎರಡನೇ ವಾಕ್ಯದಲ್ಲಿ ಒಂದು ಶಬ್ದ ತಪ್ಪಿ ಯಾರೋ ಕಿಸಕ್ಕೆಂದು ನಕ್ಕರು. ಅವನು ಕಿವಿಯವರೆಗೆ ಕೆಂಪಾಗಿ, ಮೊದಲಿನಿಂದ ಮತ್ತೆ ಓದಲು ಶುರು ಮಾಡಿದ.

ನನಗೆ ಗೊತ್ತಿಲ್ಲದೆ ಎದ್ದು ನಿಂತಿದ್ದೆ. ಬಾಯಿಂದ ಬಂದದ್ದು ಕನ್ನಡ.

"ಕೂತ್ಕೋ ಮಾರಾಯ. ಓದಬೇಡ. ನೀನು ಎಂತ ತಪ್ಪೂ ಮಾಡ್ಲಿಲ್ಲ. ನಿಯಮ ಬದಲಾದ್ದು ನಿಮಗೆ ಯಾರಿಗೂ ನಾನು ಹೇಳ್ಲೇ ಇಲ್ಲ. ಹೇಳದ್ದು ನಂಗೆ ಅವತ್ತೇ ಗೊತ್ತುಂಟು."

"ಎಂದಾ ಪರಞ್ಞೆ?" ಏನು ಹೇಳಿದರು ಎಂದು ಎಲ್ಲರೂ ಕಿಶೋರನ ಮುಖ ನೋಡಿದರು. ಅವನಿಗೇನು ಗೊತ್ತು? ನಾನೇ ಮಲಯಾಳದಲ್ಲಿ ಎಲ್ಲ ಹೇಳಿದೆ. ಬೆಳಗಿನ ನಿಯಮ, ಮೂರೂವರೆಯ ಚೀಟಿ, ಎಂಟು ಕಿಟಕಿ, ಚಹಾ. ಚಹಾ ಎಂಬುದನ್ನು ಎರಡು ಸಲ ಹೇಳಬೇಕಾಯಿತು.

ರಾಜೀವ್ ತನ್ನ ಕೈಯ ಪಟ್ಟಿ ನೋಡಿಕೊಂಡ. ಆಮೇಲೆ, "ಮೊದಲ ದಿನವೇ ಹೇಳಿದ್ದರೆ ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡು ಮರೆಯುತ್ತಿದ್ದೆ ಉದಯೇಟ್ಟಾ. ಆರು ವಾರ ಈ ಪಾಪದವನನ್ನು ದ್ವೇಷಿಸಿದೆನಲ್ಲ" ಎಂದ. ಎದ್ದು ಹೋಗಿ ಕೌಶಿಕನ ಭುಜದ ಮೇಲೆ ಎಡಗೈ ಇಟ್ಟ.

ಕೌಶಿಕ್ ಅವನನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದ. "ನಾಲ್ಕು ಭಾನುವಾರ ಬಂದ್ರಿ ಸಾರ್" ಎಂದ. ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೊರಗೆ ನಡೆದ. ವಿನಾಯಕ್ ಹಿಂದೆಯೇ ಓಡಿದ.

ವಾಪಸು ರೈಲಿನಲ್ಲಿ ನಿಂತೇ ಬಂದೆ. ಕಾಲು ನೋಯಲಿ ಎಂದೇ ನಿಂತೆ.

4 ಮಾರ್ಚ್, ಮಂಗಳವಾರ

ಕೌಶಿಕನ ಮೇಲೆ ಇನ್ನೇನೂ ಇಲ್ಲ. ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ಇನ್ನು ಮುಂದೆ ವೃತ್ತಿಯವರನ್ನೂ ಹೊಸಬರನ್ನೂ ಒಟ್ಟಿಗೆ ಬಿಡುವುದಿಲ್ಲವೆಂದು ನಿರ್ಣಯ ಮಾಡಿದ್ದಾರಂತೆ. ಅದು ತಪ್ಪು ಎಂದು ಕಿಶೋರನಿಗೆ ಹೇಳಿದೆ. ಕೆಟ್ಟದ್ದು ಒಟ್ಟಿಗೆ ಬಿಟ್ಟದ್ದರಿಂದಲ್ಲ, ಒಬ್ಬನಿಗೆ ಹೇಳಿ ಇನ್ನೊಬ್ಬನಿಗೆ ಹೇಳದೆ ಬಿಟ್ಟದ್ದರಿಂದ. ಕಿಶೋರ್, "ನೀವು ವಿಶ್ರಾಂತಿ ತಗೊಳ್ಳಿ" ಎಂದು ಫೋನು ಇಟ್ಟ.

ಕುಸುಮಾವತಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

6 ಮಾರ್ಚ್

ಕೌಶಿಕನಿಗೆ ಮೂರು ಸಲ ಫೋನು ಮಾಡಿದೆ. ಎತ್ತುತ್ತಿಲ್ಲ. ಅವನ ಕ್ಲಚ್ಚಿನ ಕಾಲು ಇನ್ನೂ ಸರಿಯಾಗಿಲ್ಲ, ಇಳಿಜಾರಿನಲ್ಲಿ ನಿಲ್ಲಿಸಿ ತೆಗೆಯುವುದನ್ನು ಹೇಳಿಕೊಡಲೇ ಇಲ್ಲ.

9 ಮಾರ್ಚ್, ಭಾನುವಾರ

ನಾಲ್ಕೂವರೆಗೆ ಎಚ್ಚರವಾಯಿತು, ರೈಲಿಗೆ ಏಳುವ ಹೊತ್ತಿಗೆ. ಹೋಗಲು ಎಲ್ಲಿಯೂ ಇಲ್ಲ. ಪೇಪರನ್ನು ಜಾಹೀರಾತು ಸಮೇತ ಓದಿದೆ.

ಹನ್ನೊಂದು ಗಂಟೆಗೆ ಗೇಟಿನ ಹತ್ತಿರ ಕಾರು ನಿಂತ ಸದ್ದಾಯಿತು. ಕೌಶಿಕ್. ಒಳಗೆ ಬಾ ಎಂದೆ.

"ಒಳಗ್ ಬರೋಕ್ ಬಂದಿಲ್ಲ. ಬೈಯೋಕ್ ಬಂದಿದೀನಿ. ಫೋನಲ್ಲಿ ಆಗ್ತಿರ್ಲಿಲ್ಲ."

ಬೈದ. ಪಕ್ಕದ ಮನೆಯವರು ಹೊರಗೆ ಬಂದು ನಿಂತರೂ ನಿಲ್ಲಿಸಲಿಲ್ಲ. "ನಾನೊಬ್ರು ಕೈ ಮುರ್ದೆ ಅಂತ ಅಮ್ಮನ್ ಹತ್ರ ಹೇಳ್ಕೊಂಡು ಅತ್ತಿದೀನಿ. ನೀವು ನಮ್ಮನೇಲಿ ಊಟ ಮಾಡ್ತಾ ಕೂತಿದ್ರಿ. ಗದ್ದೆ ಕಥೆ ಹೇಳಿ ನಗಿಸ್ತಿದ್ರಿ. ಒಂದ್ ಮಾತು, ಒಂದೇ ಒಂದ್ ಮಾತು ಹೇಳಕ್ಕಾಗ್ಲಿಲ್ವಾ ನಿಮ್ಗೆ? ಏನ್ ಮನುಷ್ಯ ಸಾರ್ ನೀವು?" ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕುಸುಮಾವತಿ ನೀರಿನ ಲೋಟ ತಂದಳು. "ಬೇಡ ಅಮ್ಮ" ಎಂದ ಮೆಲ್ಲಗೆ, ಮತ್ತೆ ನನ್ನ ಕಡೆ ತಿರುಗಿ, "ಏನಾದ್ರೂ ಹೇಳಿ!" ಎಂದು ಕೂಗಿದ.

ತಪ್ಪಾಯಿತು ಎಂದೆ.

"ಸಾಕಾಗಲ್ಲ."

ಸಾಕಾಗುವುದಿಲ್ಲ ಎಂದೆ.

ಅವನು ಹೋಗಿ ಕಾರು ಹತ್ತಿದ. ಆಗ ಕುಸುಮಾವತಿ ಕೇಳಿದಳು, "ಜೊತೆಗೆ ಯಾರೂ ಇಲ್ವಾ? ಓಡಿಸಿದ್ದು ಯಾರು?"

ಆಗಲೇ ನಾನೂ ನೋಡಿದ್ದು. ಒಳಗೆ ಬೇರೆ ಯಾರೂ ಇರಲಿಲ್ಲ. ಅವನದೇ ಕಾರು, ಗ್ಯಾರೇಜಿನಿಂದ ಬಿಡಿಸಿಕೊಂಡು ಬಂದದ್ದು, ಮುಂದಿನ ಬಂಪರಿಗೆ ಇನ್ನೂ ಬಣ್ಣ ಹಚ್ಚಿಲ್ಲ. ಕಾಕ್ಕನಾಡಿನಿಂದ ಇಲ್ಲಿಗೆ ಹೆಚ್ಚು ಕಡಿಮೆ ಇನ್ನೂರು ಕಿಲೋಮೀಟರು, ದಾರಿಯುದ್ದಕ್ಕೂ ಅಗೆದು ಹಾಕಿದ ಹೆದ್ದಾರಿ, ಲಾರಿ, ಬಸ್ಸು. ನಮ್ಮ ಓಣಿಯೋ ದೊಡ್ಡ ಇಳಿಜಾರು. ಒಂದೇ ಸಲಕ್ಕೆ ಹಿಂದಕ್ಕೆ ತೆಗೆದು, ತಿರುಗಿಸಿ, ನನ್ನ ಕಡೆ ನೋಡದೆ ಹೊರಟುಹೋದ.

"ಆ ಮಗು ಅಷ್ಟು ಬೈದು ಹೋಯ್ತು, ನಿಮಗೆ ನಗೆ ಎಂತಕ್ಕೆ?" ಎಂದಳು ಕುಸುಮಾವತಿ. ನಾನು ನಗುತ್ತಿಲ್ಲ ಎಂದೆ. ಕನ್ನಡಕ ತೆಗೆದು ಒರೆಸಿಕೊಂಡೆ.

ಮಧ್ಯಾಹ್ನ ಮಲಗಲಾಗಲಿಲ್ಲ. ಕೊಲ್ಲಂ ದಾಟಿರಬಹುದು, ಆಲಪ್ಪುಳ ದಾಟಿರಬಹುದು ಎಂದು ಲೆಕ್ಕ ಹಾಕುತ್ತ ಜಗಲಿಯಲ್ಲಿ ಕೂತಿದ್ದೆ. ಐದೂವರೆಗೆ ಫೋನಿಗೆ ಅವನಿಂದ ಒಂದೇ ಪದ ಬಂತು. ತಲುಪಿದೆ. ಸಾರ್ ಎಂದು ಬರೆದಿರಲಿಲ್ಲ. ತಲುಪಿ ತಿಳಿಸು ಎಂದು ನಾನು ಹೇಳಿಯೂ ಇರಲಿಲ್ಲ.